ಯಾರು ಕಳಿಸಿದ್ದು?

2025ರ ಜುಲೈ ಮೊದಲ ವಾರ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಬೆಂಗಳೂರಿನ ಜಯದೇವದಲ್ಲೂ ಅದೇ ಕಥೆ. ಇವರೆಲ್ಲ ಎದೆ ಹಿಡಿದುಕೊಂಡು ಬಂದವರೇನೂ ಅಲ್ಲ. ಬಹಳ ಮಂದಿ 'ಯಾವುದಕ್ಕೂ ಒಂದು ಸಲ ತೋರಿಸಿಬಿಡೋಣ' ಅಂತ ಬಂದವರು. ಹಾಸನ ಜಿಲ್ಲೆಯಲ್ಲಿ 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು ಅನ್ನುವ ಸುದ್ದಿ ಆಗ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು.

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲೂ ಅದೇ. ಬೆಳಗ್ಗೆ ಗುಲಾಬಿ ಹೂವಿನ ಜೊತೆ 'ಶುಭೋದಯ' ಬರುತ್ತಿದ್ದ ಹೊತ್ತಿಗೆ 'ಹಾಸನದಲ್ಲಿ ಮತ್ತೊಂದು' ಅಂತ ಬರತೊಡಗಿತು. ಬಸ್ಸಿನಲ್ಲಿ, ಜಿಮ್ಮಿನಲ್ಲಿ, ಮದುವೆ ಮನೆಯಲ್ಲಿ ನಿಂತಲ್ಲೇ ಕುಸಿದು ಬೀಳುವವರ ಸಿಸಿಟಿವಿ ತುಣುಕುಗಳು. ಅವು ಯಾವ ಊರಿನವು, ಯಾವ ವರ್ಷದವು, ಹಿಂದಿ ಮಾತಾಡುವವರ ಮದುವೆ ಹಾಸನದಲ್ಲಿ ಯಾಕೆ ನಡೀತು, ಯಾರೂ ಕೇಳಲಿಲ್ಲ. ಅದರ ಹಿಂದೆಯೇ ಪರಿಹಾರಗಳೂ ಬಂದವು. ಅರ್ಜುನ ಮರದ ತೊಗಟೆಯ ಕಷಾಯ. ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಕುದಿಸಿ ಜೇನು ಬೆರೆಸಿದರೆ ಬ್ಲಾಕೇಜ್ ಕರಗುತ್ತದೆ ಅನ್ನುವ ರೆಸಿಪಿ. ಕೊನೆಗೆ ಎಲ್ಲಕ್ಕಿಂತ ಹಳೆಯದು: ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಿ.

ಆಗ ನಾನೊಂದು ಒರಟು ಲೆಕ್ಕ ಹಾಕಿದೆ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ತೀರಿಕೊಳ್ಳುತ್ತಾರೆ. ಅಂದರೆ ಆ ಒಂದೇ ಜಿಲ್ಲೆಯಲ್ಲಿ ದಿನಕ್ಕೆ ಸುಮಾರು 30 ಸಾವು. ದೇಶದಲ್ಲಿ ಆಗುವ ಸಾವುಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹೃದಯ, ರಕ್ತನಾಳಗಳ ಕಾಯಿಲೆಯಿಂದ. ಅಲ್ಲಿಗೆ ದಿನಕ್ಕೆ ಏಳೆಂಟು, 40 ದಿನಕ್ಕೆ 300ರ ಹತ್ತಿರ. ಯಾವ ವರ್ಷ ನೋಡಿದರೂ ಇದು ಇರುವಂಥದ್ದೇ. ಆ ವರ್ಷ ಹೊಸದಾಗಿ ಆದದ್ದು ಒಂದೇ: ಅದರಲ್ಲಿ ಕೆಲವು ಸಾವುಗಳನ್ನು ಹೆಕ್ಕಿ, ಒಂದು, ಎರಡು, ಮೂರು ಅಂತ ಎಣಿಸಲು ಶುರು ಮಾಡಿದ್ದು. ಎಣಿಸಿದ ಕೂಡಲೇ ಅದು ಸಾಂಕ್ರಾಮಿಕದ ಹಾಗೆ ಕಾಣಿಸಿತು.

ಸರ್ಕಾರ ನೇಮಿಸಿದ ತಜ್ಞರ ತಂಡವೂ ಆಮೇಲೆ ವರದಿ ಕೊಟ್ಟಿತು. ಹೃದಯಾಘಾತ ಅಂತ ಸುದ್ದಿಯಾದ 24 ಸಾವುಗಳಲ್ಲಿ 4ಕ್ಕೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. 10 ಖಚಿತವಾಗಿ ಹೃದಯದ ಕಾರಣಕ್ಕೆ ಆದವು, ಇನ್ನು 10 ಹಾಗಿರಬಹುದು ಅನ್ನುವಂಥವು. ಜಯದೇವದ ದಾಖಲಾತಿಯಲ್ಲಿ ಅದಕ್ಕೆ ಹಿಂದಿನ ಆರು ತಿಂಗಳಲ್ಲಿ ಏರಿಕೆ ಕಾಣಲಿಲ್ಲ. ಏರಿದ್ದು ಹೊರರೋಗಿಗಳ ಸಾಲು ಮಾತ್ರ.

ನಾನು ಈ ಲೆಕ್ಕವನ್ನೆಲ್ಲ ಬರೆದು ಗ್ರೂಪಿಗೆ ಹಾಕಿದೆ. ಒಬ್ಬರೂ ಏನೂ ಹೇಳಲಿಲ್ಲ. ಹತ್ತು ನಿಮಿಷಕ್ಕೆ ಅರ್ಜುನ ತೊಗಟೆ ಮತ್ತೆ ಬಂತು.

ಇಂಥ ಹೊತ್ತಲ್ಲಿ ಓದಿದವರು 'ವಾಟ್ಸಾಪ್ ಯೂನಿವರ್ಸಿಟಿ' ಅಂತ ನಕ್ಕು ಮುಗಿಸಿಬಿಡುತ್ತಾರೆ. ನನಗೆ ಆ ಮಾತು ಸೇರುವುದಿಲ್ಲ. ಅದರಲ್ಲಿ ನಗುವವರ ಜಂಬ ಕಾಣುತ್ತದೆಯೇ ಹೊರತು ಕಳಿಸುವವರ ಮನಸ್ಸು ಕಾಣುವುದಿಲ್ಲ. ಹಾಗೆ ನೋಡಿದರೆ ಗಾಳಿಸುದ್ದಿ ಕೆಳಗಿನಿಂದಷ್ಟೇ ಹುಟ್ಟುತ್ತದೆ ಅನ್ನುವುದೂ ಸುಳ್ಳು. ಅದೇ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ, ಕೋವಿಡ್ ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಈ ಸಾವುಗಳಿಗೆ ಒಂದು ಕಾರಣ ಇರಬಹುದು ಅಂತ ಸೋಷಿಯಲ್ ಮೀಡಿಯಾದಲ್ಲಿ ಬರೆದರು. ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಯ ಅಧ್ಯಯನಗಳಲ್ಲಿ ಅಂಥ ನಂಟು ಸಿಕ್ಕಿಲ್ಲ ಅಂತ ಕೇಂದ್ರ ಆರೋಗ್ಯ ಇಲಾಖೆ ಮಾರನೇ ದಿನವೇ ಹೇಳಿತು. ಮೇಲಿನವರೇ ಹೀಗೆ ಒಂದೊಂದು ಮಾತಾಡುವಾಗ ಹೊಳೆನರಸೀಪುರದಲ್ಲಿ ಕೂತ ನಮ್ಮ ಚಿಕ್ಕಮ್ಮ ಒಬ್ಬರನ್ನೇ ಪೆದ್ದಿ ಅನ್ನೋಕಾಗುತ್ತಾ?

ಚಿಕ್ಕಮ್ಮನ ಮಾತು ಬಂತು, ಅವರ ಡೈರಿಯ ಬಗ್ಗೆ ಹೇಳಲೇಬೇಕು. ಹಳೇ ಎಲ್‌ಐಸಿ ಡೈರಿ. ಹಾಲಿನ ಲೆಕ್ಕ, ಚೀಟಿ ಲೆಕ್ಕ ಮುಗಿದ ಮೇಲೆ ಹಿಂದಿನ ಹಾಳೆಗಳಲ್ಲಿ ಔಷಧಿ. ಫೋನಿನಲ್ಲಿ ಬಂದದ್ದನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿಟ್ಟುಕೊಂಡಿದ್ದಾರೆ. 'ಮೆಂತ್ಯ ನೆನೆಸಿದ ನೀರು, ಖಾಲಿ ಹೊಟ್ಟೆಗೆ.' 'ಇನ್ಸುಲಿನ್ ಗಿಡದ ಎಲೆ, ದಿನಕ್ಕೆ ಒಂದು, ಅಗಿದು ನುಂಗುವುದು.' 'ಬಿಪಿಗೆ ನುಗ್ಗೆಸೊಪ್ಪು.' 'ಕಿಡ್ನಿ ಕಲ್ಲಿಗೆ ಬಾಳೆದಿಂಡಿನ ರಸ.' ಇಷ್ಟೇ ಆಗಿದ್ದರೆ ಯಾರ ಮನೆಯಲ್ಲೂ ಸಿಗುವ ಡೈರಿ. ಆದರೆ ಪ್ರತಿ ಸಾಲಿನ ಮುಂದೆ ಬಲಗಡೆ ಒಂದು ಹೆಸರಿದೆ. ಮೆಂತ್ಯದ ಮುಂದೆ 'ಮಂಡ್ಯದ ಅತ್ತಿಗೆ'. ಇನ್ಸುಲಿನ್ ಗಿಡದ ಮುಂದೆ 'ಯೋಗ ಕ್ಲಾಸ್ ಮೇಡಂ'. ನುಗ್ಗೆಸೊಪ್ಪಿನ ಮುಂದೆ 'ಹೆಡ್‌ಮಾಸ್ಟರ್ ಭಾವ'. ಬಾಳೆದಿಂಡಿನ ಮುಂದೆ 'ಹಾಲಿನ ಡೈರಿ ಸೆಕ್ರೆಟರಿ ಹೆಂಡತಿ'.

ಈ ಔಷಧಿಗಳನ್ನು ಹೇಳಿದ ವಿಡಿಯೋ ಮಾಡಿದವರ ಹೆಸರು ಎಲ್ಲೂ ಇಲ್ಲ. ಯಾವ ಚಾನೆಲ್ಲು, ಯಾವ ವೈದ್ಯರು, ಯಾವ ಊರು, ಏನೂ ಇಲ್ಲ. ಚಿಕ್ಕಮ್ಮನಿಗೆ ಅದು ಬೇಕಾಗಿಯೂ ಇಲ್ಲ. ಅವರ ಲೆಕ್ಕದಲ್ಲಿ ಮೆಂತ್ಯದ ನೀರಿಗೆ ಜವಾಬ್ದಾರಿ ಮಂಡ್ಯದ ಅತ್ತಿಗೆ. ನನ್ನ ಹೆರಿಗೆಯಲ್ಲಿ ಹದಿನೈದು ದಿನ ಬಂದು ನಿಂತವಳು ನನಗೆ ಕೆಟ್ಟದ್ದು ಕಳಿಸ್ತಾಳಾ ಅನ್ನೋದು ಅವರ ವಾದ. ಇದಕ್ಕೆ ಏನು ಉತ್ತರ ಕೊಡೋದು ಹೇಳಿ. ಕೆಟ್ಟದ್ದು ಕಳಿಸಲ್ಲ, ನಿಜ. ಅತ್ತಿಗೆಯ ಪ್ರೀತಿಯೂ ನಿಜ. ಆ ನಿಜವೇ ಮೆಸೇಜಿನ ಮೇಲೂ ಮೆತ್ತಿಕೊಂಡು ಬಂದುಬಿಡುತ್ತದೆ.

ನಾವು ಹೇಳುವ 'ಸೋರ್ಸ್ ನೋಡಿ, ಸೋರ್ಸ್ ನೋಡಿ' ಅನ್ನುವ ಬುದ್ಧಿವಾದ ಇವರಿಗೆ ತಾಗದೇ ಇರುವುದು ಇದಕ್ಕೇ. ಅವರು ಸೋರ್ಸ್ ನೋಡುತ್ತಾರೆ, ನಮಗಿಂತ ಜಾಸ್ತಿಯೇ ನೋಡುತ್ತಾರೆ. ನಾವು ಸೋರ್ಸ್ ಅಂದರೆ ಮೊದಲು ಬರೆದವರು ಅಂದುಕೊಂಡಿದ್ದೇವೆ. ಅವರಿಗೆ ಅದು ಕೊನೆಗೆ ಕಳಿಸಿದವರು.

ಇನ್ಸುಲಿನ್ ಗಿಡದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ನಮ್ಮ ಕಡೆ ತುಳಸಿಕಟ್ಟೆ ಪಕ್ಕದಲ್ಲಿ ಆ ಕುಂಡ ಇಲ್ಲದ ಮನೆ ಅಪರೂಪ. ಇನ್ಸುಲಿನ್ ಒಂದು ಪ್ರೋಟೀನು. ಬಾಯಲ್ಲಿ ಹಾಕಿಕೊಂಡರೆ ಬೇಳೆ, ಮೊಟ್ಟೆಯ ಹಾಗೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಅದಕ್ಕೇ ಅದನ್ನು ಚುಚ್ಚಿಸಿಕೊಳ್ಳುವುದು. ಆ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಅಗಿದು ನುಂಗಿದರೆ ಉಪಯೋಗವಿರಲಿಲ್ಲ. ಗಿಡಕ್ಕೆ ಬೇರೆ ಹೆಸರಿಟ್ಟಿದ್ದರೆ ಇಷ್ಟು ಕುಂಡ ಮಾರಾಟ ಆಗುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಆ ಡೈರಿಯಲ್ಲಿ ಡಾಕ್ಟರ್ ಹೇಳಿದ್ದು ಒಂದು ಸಾಲೂ ಇರಲಿಲ್ಲ. ಯಾಕೆ ಬರ್ಕೊಂಡಿಲ್ಲ ಚಿಕ್ಕಮ್ಮ ಅಂತ ಕೇಳಿದೆ. "ಅವರು ಏನ್ ಹೇಳಿದ್ರು ಬರ್ಕೊಳ್ಳೋಕೆ?" ಅಂದರು.

ಸಿಟ್ಟಿನಿಂದ ಅಂದ ಮಾತಲ್ಲ ಅದು. ಒಂದು ಸಲ ಅವರ ಜೊತೆ ನಾನೂ ಹೋಗಿದ್ದೆ. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳು, ಟೋಕನ್ನು, ಗಂಟೆಗಟ್ಟಲೆ ಕಾಯುವುದು. ಒಳಗೆ ಹೋದ ಮೇಲೆ ಡಾಕ್ಟರ್ ರಿಪೋರ್ಟ್ ಮೇಲೆ ಕಣ್ಣಾಡಿಸಿದರು. "ಶುಗರ್ ಜಾಸ್ತಿ ಇದೆಯಲ್ಲಮ್ಮಾ. ಅನ್ನ ಕಮ್ಮಿ ಮಾಡಿ. ಈ ಮಾತ್ರೆ ಎರಡು ಹೊತ್ತು. ಮೂರು ತಿಂಗಳು ಬಿಟ್ಟು ಬನ್ನಿ." ಅಷ್ಟು ಹೊತ್ತಿಗೆ ಮುಂದಿನವರು ಬಾಗಿಲು ತಳ್ಳಿಕೊಂಡು ಒಳಗೇ ಬಂದಿದ್ದರು. ಚಿಕ್ಕಮ್ಮ ಕೇಳಬೇಕು ಅಂದುಕೊಂಡದ್ದು ದಾರಿಯುದ್ದಕ್ಕೂ ನನಗೆ ಹೇಳಿದ್ದರು. ಮುದ್ದೆ ತಿನ್ನಬಹುದಾ? ಸಕ್ಕರೆ ಬದಲು ಬೆಲ್ಲ ಹಾಕಿದರೆ ಪರವಾಗಿಲ್ವಾ? ರಾತ್ರಿ ಪಾದ ಉರಿಯುತ್ತಲ್ಲ, ಅದು ಇದರಿಂದಲೇನಾ? ಒಂದನ್ನೂ ಕೇಳಲಿಲ್ಲ. ಡಾಕ್ಟರನ್ನು ಬೈಯಲೂ ನನಗೆ ಮನಸ್ಸಿಲ್ಲ. ಹೊರಗೆ ಕೂತಿದ್ದವರನ್ನೆಲ್ಲ ಅವರೊಬ್ಬರೇ ನೋಡಬೇಕಿತ್ತು.

ಇದು ಒಂದು ಊರಿನ ಕಥೆಯಲ್ಲ. ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ 67 ದೇಶಗಳ ಮಾಹಿತಿ ಕಲೆಹಾಕಿದ ಅಧ್ಯಯನವೊಂದು 2017ರಲ್ಲಿ ಬಂತು. ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಜಾಸ್ತಿ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮಲ್ಲಿ ಎರಡು ನಿಮಿಷದ ಆಸುಪಾಸು. ಅದರಲ್ಲೇ ಹೆಸರು, ವಯಸ್ಸು, ತೊಂದರೆ, ಚೀಟಿ ಎಲ್ಲ ಮುಗಿಯಬೇಕು.

ಮನೆಗೆ ಬಂದ ಚಿಕ್ಕಮ್ಮ ಊಟ ಮುಗಿಸಿ, ಕಾಲು ಚಾಚಿಕೊಂಡು ಕೂತು, ಫೋನು ತೆಗೆದರು. 'ಶುಗರ್ ಇರುವವರು ಮುದ್ದೆ ತಿನ್ನಬಹುದಾ' ಅಂತ ಮೈಕ್ ಒತ್ತಿ ಕೇಳಿದರು, ಕನ್ನಡದಲ್ಲೇ. ಹದಿನಾಲ್ಕು ನಿಮಿಷದ ವಿಡಿಯೋ ಬಂತು. 'ನಮಸ್ಕಾರ ವೀಕ್ಷಕರೇ' ಅಂತ ಕೈಮುಗಿದು ಒಬ್ಬರು ಶುರುಮಾಡಿದರು. ಅವಸರವಿಲ್ಲ. ಬೈಯುವುದಿಲ್ಲ. ಅರ್ಥವಾಗದಿದ್ದರೆ ಹಿಂದಕ್ಕೆ ಎಳೆದು ಇನ್ನೊಂದು ಸಲ ಕೇಳಬಹುದು. ಮುದ್ದೆ, ಚಪಾತಿ, ಬಾಳೆಹಣ್ಣು, ಹಬ್ಬದ ಒಬ್ಬಟ್ಟು, ಎಲ್ಲದರ ಬಗ್ಗೆಯೂ ಅಲ್ಲಿ ಮಾತಿದೆ. ಕ್ಲಿನಿಕ್ಕಿನ ಚೀಟಿಯೋ ಇಂಗ್ಲಿಷಿನಲ್ಲಿ, ಅದೂ ಮೆಡಿಕಲ್ ಶಾಪಿನ ಹುಡುಗನಿಗೆ ಮಾತ್ರ ಓದೋಕೆ ಬರುವ ಅಕ್ಷರದಲ್ಲಿ.

ಆ ವಿಡಿಯೋದಲ್ಲಿ ಹೇಳಿದ್ದೆಲ್ಲ ತಪ್ಪೂ ಅಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ ಅಂದರು. ಸರಿ. ಆದರೆ ರಾಗಿಯಲ್ಲೂ 100 ಗ್ರಾಮಿಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಗಿಂತ ಸ್ವಲ್ಪವೇ ಕಮ್ಮಿ, ಹಾಗಾಗಿ ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ ಅನ್ನುವುದನ್ನು ಹೇಳಲಿಲ್ಲ. ಬೆಲ್ಲ ಪರವಾಗಿಲ್ಲ ಅಂದುಬಿಟ್ಟರು. ಬೆಲ್ಲವೂ ಬಹುಪಾಲು ಸಕ್ಕರೆಯೇ. ಹೀಗೆ ಮುಕ್ಕಾಲು ಸರಿ, ಕಾಲು ತಪ್ಪು ಬೆರೆತು ಬಂದರೆ ಬಿಡಿಸುವುದು ಕಷ್ಟ. ಪೂರ್ತಿ ಸುಳ್ಳು ಹೇಳುವವರು ಬೇಗ ಸಿಕ್ಕಿಬೀಳುತ್ತಾರೆ.

ಇನ್ನೊಂದು ಇದೆ. ಡಾಕ್ಟರ್ ಹೇಳುವುದು ಹೆಚ್ಚಾಗಿ 'ಬಿಡಿ' ಅಂತ. ಅನ್ನ ಬಿಡಿ, ಉಪ್ಪು ಬಿಡಿ, ಬೀಡಿ ಬಿಡಿ. ಫೋನು ಹೇಳುವುದು 'ಮಾಡಿ' ಅಂತ. ಇದನ್ನು ನೆನೆಸಿ, ಅದನ್ನು ಅರೆಯಿರಿ, ಸೋಸಿ ಕುಡಿಯಿರಿ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲದಾಗ ಸುಮ್ಮನೆ ಕೂರುವುದು ಎಷ್ಟು ಹಿಂಸೆ ಅಂತ ಕೂತವರಿಗೇ ಗೊತ್ತು. ಕೈಗೆ ಒಂದು ಕೆಲಸ ಬೇಕು.

ಡೆಂಗಿ ಮತ್ತು ಪಪ್ಪಾಯ ಎಲೆ ಇದಕ್ಕೆ ಒಳ್ಳೇ ಉದಾಹರಣೆ. 2024ರಲ್ಲಿ ಡೆಂಗಿ ಎಷ್ಟು ಏರಿತ್ತೆಂದರೆ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಆ ಮಳೆಗಾಲದಲ್ಲಿ ನಮ್ಮ ಬೀದಿಯ ಪಪ್ಪಾಯ ಗಿಡಗಳೆಲ್ಲ ಬೋಳಾಗಿದ್ದವು. ಡೆಂಗಿಯಲ್ಲಿ ಆಗುವುದು ಹೀಗೆ: ಜ್ವರ ಎರಡರಿಂದ ಏಳು ದಿನ. ಜ್ವರ ಇಳಿಯುವ ಹೊತ್ತಿಗೇ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಕುಸಿಯುತ್ತದೆ. ಆ ಒಂದೆರಡು ದಿನ ದಾಟಿದರೆ ಬಹುಪಾಲು ಜನರಲ್ಲಿ ಅದು ತಾನಾಗಿಯೇ ಏರುತ್ತದೆ. ಏನೂ ಕುಡಿಯದಿದ್ದರೂ ಏರುತ್ತದೆ. ಮನೆಯವರು ಗಾಬರಿಯಾಗಿ ಎಲೆಯ ರಸ ಹಿಂಡುವುದು ಯಾವಾಗ? ಪ್ಲೇಟ್‌ಲೆಟ್ ಕುಸಿದ ರಿಪೋರ್ಟ್ ಕೈಗೆ ಬಂದಾಗ. ಮಾರನೇ ದಿನವೋ ಅದರ ಮಾರನೇ ದಿನವೋ ನಂಬರ್ ಏರಿರುತ್ತದೆ. ಕಣ್ಣಾರೆ ಕಂಡದ್ದು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ಯಾವುದು ಬೇಕು?

ಇದರಲ್ಲಿ ಅಪಾಯ ಆ ಕಹಿ ರಸದ್ದಲ್ಲ. ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಪ್ಲೇಟ್‌ಲೆಟ್ ನಂಬರ್ ಅಲ್ಲ, ರಕ್ತನಾಳದಿಂದ ನೀರಿನಂಶ ಸೋರಿಹೋಗಿ ಬಿಪಿ ಕುಸಿಯುವುದು. ಅದು ಆಗುವುದು ಜ್ವರ ಬಿಟ್ಟಾಗಲೇ. 'ಜ್ವರ ಬಿಡ್ತಲ್ಲ, ರಸ ಕೆಲಸ ಮಾಡ್ತಿದೆ' ಅಂತ ಮನೆಯಲ್ಲೇ ಉಳಿದರೆ, ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಇವೆಲ್ಲ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬರುವುದಿಲ್ಲ. ಇಲ್ಲಿಯೂ ಜನರನ್ನಷ್ಟೇ ದೂರಲಾರೆ. ಪಪ್ಪಾಯ ಎಲೆಯ ಸಾರದ ಮಾತ್ರೆಗಳು ಮೆಡಿಕಲ್ ಶಾಪಿನಲ್ಲೇ ಸಿಗುತ್ತವೆ. ಕೆಲವು ಡಾಕ್ಟರರೇ ಬರೆದುಕೊಡುತ್ತಾರೆ.

ತಾನಾಗಿಯೇ ವಾಸಿಯಾದದ್ದಕ್ಕೆ ಯಾರಿಗೋ ಹಾರ ಹಾಕುವ ಈ ಅಭ್ಯಾಸದ ಇನ್ನೊಂದು ರೂಪ, ಡಾಕ್ಟರ್ ವಾಸಿ ಮಾಡಿದ್ದಕ್ಕೆ ಅಡುಗೆಮನೆಗೆ ಹಾರ ಹಾಕುವುದು. 2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು, ತಮ್ಮ ಹೆಂಡತಿಯ ಕ್ಯಾನ್ಸರ್ ಗುಣವಾಗಲು ಬೇವು, ಅರಿಸಿನ, ನಿಂಬೆ, ಉಪವಾಸದ ಪಥ್ಯ ನೆರವಾಯಿತು ಅಂದರು. ಹೆಂಡತಿಗೆ ಆಪರೇಷನ್ ಆಗಿತ್ತು, ಕೀಮೋಥೆರಪಿಯೂ ಆಗಿತ್ತು. ವಿಡಿಯೋ ತುಣುಕು ಓಡಾಡಿದ್ದು ಬೇವು, ಅರಿಸಿನದ ಭಾಗ ಮಾತ್ರ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈಗಿನ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ, ಇದನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ ಅಂತ ಹೇಳಿಕೆ ಕೊಡಬೇಕಾಯಿತು. ಆ ತುಣುಕು ನಮ್ಮ ಗ್ರೂಪಿಗೆ ಬಂತು. ಹೇಳಿಕೆ ಬರಲಿಲ್ಲ. 262 ಜನರ ಸಹಿ ಇರುವ ಕಾಗದಕ್ಕೆ ಮುಖವಿಲ್ಲ ನೋಡಿ. ಹೆಂಡತಿ ಉಳಿದ ಖುಷಿಯಲ್ಲಿ ಮಾತಾಡುವ ಗಂಡನಿಗೆ ಮುಖವಿದೆ.

ಸಂಖ್ಯೆಯಲ್ಲಿ ಹೇಳಬೇಕಾದರೆ, 2018ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಟ್ವಿಟರ್‌ನಲ್ಲಿ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ಹಿಡಿದು ನೋಡಿದ್ದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮುಂದೆ ತಳ್ಳುವ ಸಾಧ್ಯತೆ ಶೇ 70ರಷ್ಟು ಹೆಚ್ಚಿತ್ತು. ಸುಳ್ಳು ಹೊಸದಾಗಿರುತ್ತದೆ, ಬೆರಗು ಹುಟ್ಟಿಸುತ್ತದೆ. 'ಉಪ್ಪು ಕಮ್ಮಿ ಮಾಡಿ, ದಿನಾ ನಡೆಯಿರಿ' ಅನ್ನುವುದರಲ್ಲಿ ಏನು ಬೆರಗಿದೆ?

ಕೋವಿಡ್ ಕಾಲವನ್ನು ನೆನೆಸಿಕೊಂಡರೆ ಮಾತ್ರ ನನಗೆ ಜನರಿಗಿಂತ ದೊಡ್ಡವರ ಮೇಲೇ ಜಾಸ್ತಿ ಕೋಪ ಬರುತ್ತದೆ. 2020ರ ಜನವರಿಯಲ್ಲೇ ಆಯುಷ್ ಸಚಿವಾಲಯ ಆರ್ಸೆನಿಕಂ ಆಲ್ಬಂ 30 ಅನ್ನುವ ಹೋಮಿಯೋಪತಿ ಗುಳಿಗೆಯನ್ನು ಮುಂಜಾಗ್ರತೆಗೆ ಅಂತ ಸೂಚಿಸಿತು. ಆಮೇಲೆ ಅದನ್ನು ಬೀದಿಬೀದಿಯಲ್ಲಿ ಹಂಚಿದರು. ಕೋವಿಡ್‌ನಿಂದ ಗುಣವಾದವರು ರಕ್ತದ ಪ್ಲಾಸ್ಮಾ ಕೊಡಿ, ಪ್ಲಾಸ್ಮಾ ಕೊಡಿ ಅಂತ ಒಂದು ವರ್ಷ ಓಡಾಡಿದ ಮೇಲೆ 2021ರ ಮೇನಲ್ಲಿ ಅದನ್ನು ಚಿಕಿತ್ಸೆಯ ಪಟ್ಟಿಯಿಂದಲೇ ತೆಗೆದರು. ವಿಜ್ಞಾನ ಮುಂದೆ ಹೋಗುವುದೇ ಹೀಗೆ, ಹೊಸ ಸಾಕ್ಷಿ ಸಿಕ್ಕಾಗ ಹಳೆಯದನ್ನು ಬಿಡುವುದು ಸರಿಯೇ. ಆದರೆ ಯಾಕೆ ಬಿಟ್ಟೆವು ಅಂತ ಜನರ ಭಾಷೆಯಲ್ಲಿ ಕೂತು ಹೇಳಿದವರು ಎಷ್ಟು ಜನ? ಅದೇ 2021ರ ಏಪ್ರಿಲ್‌ನಲ್ಲಿ, ಬೆಡ್ ಸಿಗದೆ ಆಕ್ಸಿಜನ್ ಸಿಗದೆ ಜನ ಒದ್ದಾಡುತ್ತಿದ್ದಾಗ, ನಮ್ಮ ರಾಜ್ಯದ ಹೆಸರಾಂತ ಉದ್ಯಮಿಯೊಬ್ಬರು ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಕ್ಸಿಜನ್ ಏರುತ್ತದೆ ಅಂದರು. ವಿಡಿಯೋ ಮನೆಮನೆ ತಲುಪಿತು. ಸಿಂಧನೂರಿನಲ್ಲಿ ಶಿಕ್ಷಕರೊಬ್ಬರು ಹಾಗೆ ಮಾಡಿಕೊಂಡ ಮೇಲೆ ತೀರಿಕೊಂಡರು ಅಂತ ಪತ್ರಿಕೆಗಳಲ್ಲಿ ಸುದ್ದಿ ಬಂತು. ಪಾಠ ಹೇಳುವ ಮೇಷ್ಟ್ರು. ಓದು ಬರಹ ಇಲ್ಲದವರು ಮಾತ್ರ ಇಂಥದ್ದನ್ನು ನಂಬುತ್ತಾರೆ ಅನ್ನುವವರು ಇದನ್ನು ಮರೆಯಬಾರದು. ಕೈಗೆ ಏನೂ ಎಟುಕದ ಹೊತ್ತಿನಲ್ಲಿ ಅಡುಗೆಮನೆಯ ನಿಂಬೆಹಣ್ಣು ಎಟುಕಿತು, ಅಷ್ಟೇ.

ಈಗ ಆ ಕೆಮ್ಮಿನ ಮೆಸೇಜಿಗೆ ಬರುತ್ತೇನೆ. ನನಗೆ ಅದರ ಹುಟ್ಟು ಬಹಳ ಕುತೂಹಲದ್ದು ಅನಿಸುತ್ತದೆ. 1976ರಲ್ಲಿ ಕ್ರೈಲಿ ಅನ್ನುವ ಅಮೆರಿಕದ ಹೃದ್ರೋಗ ತಜ್ಞರು ಮತ್ತು ಅವರ ಜೊತೆಗಾರರು ಒಂದು ವಿಷಯ ಬರೆದರು. ಕ್ಯಾತ್ ಲ್ಯಾಬ್‌ನಲ್ಲಿ, ಅಂದರೆ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ರೋಗಿಯ ಹೃದಯದ ಬಡಿತ ಇದ್ದಕ್ಕಿದ್ದಂತೆ ತಾಳ ತಪ್ಪಿದರೆ, ಪ್ರಜ್ಞೆ ಹೋಗುವ ಮೊದಲೇ ಜೋರಾಗಿ ಕೆಮ್ಮಿಸಿ ಒಂದಷ್ಟು ಸೆಕೆಂಡು ಎಚ್ಚರವಾಗಿ ಇಡಬಹುದು ಅಂತ. ಅಲ್ಲಿ ಇಸಿಜಿ ಓಡುತ್ತಿರುತ್ತದೆ, ಡಾಕ್ಟರ್ ಪಕ್ಕದಲ್ಲೇ ಇರುತ್ತಾರೆ, ಶಾಕ್ ಕೊಡುವ ಯಂತ್ರ ಕೈಗೆಟುಕುವಷ್ಟು ಹತ್ತಿರ. ಈ ಸಂಗತಿ ಯಾರದೋ ಕೈಗೆ ಸಿಕ್ಕಿ, 1999ರ ಹೊತ್ತಿಗೆ ಇಮೇಲಿನಲ್ಲಿ 'ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ' ಅನ್ನುವ ಕಥೆಯಾಗಿತ್ತು. ಆಮೇಲೆ ಕನ್ನಡಕ್ಕೂ ಬಂತು. ಈಗ ಅದರಲ್ಲಿ ನೀವು ರಾತ್ರಿ ಆಫೀಸಿನಿಂದ ಕಾರಿನಲ್ಲಿ ಒಬ್ಬರೇ ಬರುತ್ತಿರುತ್ತೀರಿ.

ಹೃದಯಾಘಾತದಲ್ಲಿ ಆಗುವುದು ರಕ್ತನಾಳ ಕಟ್ಟಿಕೊಳ್ಳುವುದು. ಹೃದಯ ಬಡಿಯುತ್ತಲೇ ಇರುತ್ತದೆ. ಕೆಮ್ಮಿದರೆ ಕಟ್ಟಿದ ನಾಳ ತೆರೆಯುವುದಿಲ್ಲ. ಇನ್ನು ಹೃದಯ ಸ್ತಂಭನ ಆದರೆ, ಅಂದರೆ ಬಡಿತವೇ ನಿಂತರೆ, ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಕೆಮ್ಮುವುದೆಲ್ಲಿ ಬಂತು? ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಸಾಮಾನ್ಯ ಜನಕ್ಕೆ ಹೇಳಿಕೊಡುವುದಿಲ್ಲ. ಕೆಮ್ಮುತ್ತಾ ಕೂತ ಅಷ್ಟೂ ಹೊತ್ತು ಆಸ್ಪತ್ರೆ ದೂರವೇ ಉಳಿಯುತ್ತದೆ. ಆದರೂ ಈ ಮೆಸೇಜು ಸಾಯುವುದಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನಿಸತೊಡಗುತ್ತದೆ ಅಂತ ಮನಃಶಾಸ್ತ್ರದವರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಇಪ್ಪತ್ತು ವರ್ಷ ಕೇಳಿದ ಮೇಲೆ ನಿಜ ಅನಿಸದೇ ಇದ್ದೀತೇ?

ವಾಟ್ಸಾಪ್‌ನವರೂ ಕಡಿವಾಣ ಹಾಕಿದರು. 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂದರು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ, ಎರಡು ಬಾಣದ ಗುರುತಿರುವ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಅಂತ ಮಾಡಿದರು. ಅಂಥ ಮೆಸೇಜುಗಳು ಶೇ 70ರಷ್ಟು ಇಳಿದವು ಅಂತ ಕಂಪನಿ ಹೇಳಿತು. ಇಳಿದಿರಬಹುದು. ನಮ್ಮ ಚಿಕ್ಕಮ್ಮ ಮಾತ್ರ ಡೈರಿ ನೋಡಿಕೊಂಡು ತಮ್ಮದೇ ಧ್ವನಿಯಲ್ಲಿ ಓದಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದಕ್ಕೆ ಯಾವ ಬಾಣವೂ ಬೀಳುವುದಿಲ್ಲ.

ಬರೀ ಕೆಡುಕನ್ನೇ ಹೇಳಿದರೆ ಅನ್ಯಾಯವಾದೀತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಸ್ರಾವ ಜಾಸ್ತಿಯಾಗಿ, ಯಾರಿಗೂ ಹೇಳದೆ ತಿಂಗಳುಗಟ್ಟಲೆ ನುಂಗಿಕೊಂಡಿದ್ದ ನಮ್ಮ ಹತ್ತಿರದವರೊಬ್ಬರು ಆಸ್ಪತ್ರೆಗೆ ಹೋಗುವ ಧೈರ್ಯ ಮಾಡಿದ್ದು ಕನ್ನಡದ ಸ್ತ್ರೀರೋಗ ತಜ್ಞೆಯೊಬ್ಬರ ವಿಡಿಯೋ ನೋಡಿಯೇ. ಗಂಡಸು ಡಾಕ್ಟರ್ ಮುಂದೆ, ಅದೂ ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿರುವಾಗ ಕೇಳಲಾಗದ್ದನ್ನು ಫೋನನ್ನು ಕೇಳಬಹುದು. ರಾತ್ರಿ ಎರಡು ಗಂಟೆಗೂ ಕೇಳಬಹುದು. ಆಶಾ ಕಾರ್ಯಕರ್ತೆಯರು ಲಸಿಕೆಯ ದಿನ, ಬಸುರಿಯರ ತಪಾಸಣೆಯ ದಿನ ತಿಳಿಸುವುದೂ ಇದೇ ವಾಟ್ಸಾಪಿನಲ್ಲಿ. ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳಿಗೆ ಆಕ್ಸಿಜನ್ ಸಿಲಿಂಡರ್ ದಾರಿ ತೋರಿಸಿದ್ದೂ ಇಂಥ ಗ್ರೂಪುಗಳೇ. ನಂಬಿಕೆ ಅನ್ನುವುದು ಒಂದೇ. ಅದು ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ.

ಆ ನಂಬಿಕೆಗೆ ಬೆಲೆ ಇದೆ ಅಂತ ವ್ಯಾಪಾರಿಗಳಿಗೆ ನಮಗಿಂತ ಮೊದಲೇ ಗೊತ್ತಾಯಿತು. 'ಆರೋಗ್ಯ ಟಿಪ್ಸ್' ಅಂತ ಶುರುವಾದ ಚಾನೆಲ್ಲಿನಲ್ಲಿ ಸ್ವಲ್ಪ ದಿನಕ್ಕೆ ಪುಡಿ, ತೈಲ, ಕಿಟ್ ಬರುತ್ತವೆ. ಕೆಳಗೊಂದು ನಂಬರ್. 2023ರ ಆಗಸ್ಟ್‌ನಲ್ಲಿ ಜಾಹೀರಾತು ಗುಣಮಟ್ಟ ನೋಡುವ ಎಎಸ್‌ಸಿಐ, ದುಡ್ಡು ಪಡೆದು ಆರೋಗ್ಯದ ಬಗ್ಗೆ ಹೇಳುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಓದು ಏನು ಅಂತ ತೋರಿಸಲೇಬೇಕು ಅಂದಿತು. ನನ್ನ ಕಣ್ಣಿಗೆ ಬೀಳುವ ಕನ್ನಡ ವಿಡಿಯೋಗಳಲ್ಲಿ ಅದನ್ನು ಪಾಲಿಸುವವರು ಕಮ್ಮಿ. ಇತ್ತೀಚೆಗಂತೂ ದೊಡ್ಡ ಡಾಕ್ಟರರ ಮುಖಕ್ಕೆ ಯಂತ್ರದ ಧ್ವನಿ ಅಂಟಿಸಿ ಮಂಡಿನೋವಿನ ಎಣ್ಣೆ ಮಾರುತ್ತಿದ್ದಾರೆ. ಡಾ. ದೇವಿ ಶೆಟ್ಟಿಯವರ ಹೆಸರಿನಲ್ಲಿ ಅವರು ಆಡದೇ ಇದ್ದ ಮಾತುಗಳು ಓಡಾಡುವುದು ಹಳೇ ಕಥೆ. ಈಗ ಮುಖವೂ ಸೇರಿಕೊಂಡಿದೆ.

ನಾನು ಗ್ರೂಪಿನಲ್ಲಿ ತಿದ್ದುವುದನ್ನು ಬಿಟ್ಟಿದ್ದೇನೆ. ಐವತ್ತು ಜನ ನೋಡುತ್ತಿರುವಾಗ ಹಿರಿಯರಿಗೆ 'ಇದು ಸುಳ್ಳು' ಅಂದರೆ ಅವರಿಗೆ ಅದು ಸುಳ್ಳು ಅಂತ ಅನಿಸುವುದಿಲ್ಲ, ನಾನು ಅಹಂಕಾರಿ ಅಂತ ಅನಿಸುತ್ತದೆ. ಅದರ ಬದಲು ಫೋನ್ ಮಾಡುತ್ತೇನೆ. ಊಟ, ಮಳೆ, ಮಕ್ಕಳು ಎಲ್ಲ ವಿಚಾರಿಸಿ, ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಮಾತ್ರೆ ನಿಲ್ಲಿಸಿಲ್ಲ ತಾನೆ?" ಮೆಂತ್ಯದ ನೀರು ಕುಡೀರಿ, ನುಗ್ಗೆಸೊಪ್ಪಿನ ಪಲ್ಯ ತಿನ್ನಿ, ಒಳ್ಳೇದೇ. ಮಾತ್ರೆ ಮಾತ್ರ ಬಿಡಬೇಡಿ. ಚಿಕ್ಕಮ್ಮನ ಪಾದದ ಉರಿಯ ವಿಷಯ ಹಾಗೆ ಮಾತಾಡುವಾಗಲೇ ಮತ್ತೆ ಎದ್ದಿತು. ಈ ಸಲ ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರ್ ಕೈಗೇ ಕೊಟ್ಟರು. ಶುಗರಿನಿಂದ ನರಕ್ಕೆ ತೊಂದರೆಯಾಗಿದೆ ಅಂತ ಗೊತ್ತಾಯಿತು.

ಹಾಸನದ ಗಲಾಟೆಯ ಹೊತ್ತಿನಲ್ಲಿ ನಾನು ಇನ್ನೊಂದು ಮೆಸೇಜ್ ಬರೆದಿದ್ದೆ. ಎದೆಯ ನಡುವೆ ಒತ್ತಿದ ಹಾಗೆ ನೋವು, ಎಡಗೈಗೆ, ದವಡೆಗೆ ಹರಿಯುವುದು, ತಣ್ಣನೆ ಬೆವರು ಬಂದರೆ ಕೆಮ್ಮುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಅಂತ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದವರಿಗೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆಯಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಇದು ಶುರುವಾಗಿದೆಯಾ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ ಅಂತಲೂ ಬರೆದಿದ್ದೆ. ಗ್ರೂಪಿಗೆ ಹಾಕಿದೆ. ಹೆಬ್ಬೆರಳಿನ ಚಿತ್ರ ಎರಡು ಬಂದವು. ಅದರಲ್ಲಿ ಒಂದು ನನ್ನ ಹೆಂಡತಿಯದು.

ಆಮೇಲೆ ಅದನ್ನೇ ಹೆಡ್‌ಮಾಸ್ಟರ್ ಭಾವನಿಗೆ ಕಳಿಸಿ, "ನೀವು ಹಾಕಿ ಭಾವ, ನೀವು ಹೇಳಿದರೆ ಕೇಳ್ತಾರೆ" ಅಂದೆ. ಅವರು ಮೇಲೆ 'ಆತ್ಮೀಯರೇ' ಅಂತ ಸೇರಿಸಿ, ನಡುನಡುವೆ ಕೆಂಪು ಹೃದಯದ ಚಿತ್ರ ಹಾಕಿ, ಬೆಳಗ್ಗೆ ಆರಕ್ಕೆ ಕಳಿಸಿದರು. ವಾರ ಕಳೆಯುವುದರೊಳಗೆ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರೋ ಗುರುತಿಲ್ಲದವರ ಕಡೆಯಿಂದ ಅದು ನನಗೇ ವಾಪಸ್ ಬಂತು, ಎರಡು ಬಾಣದ ಗುರುತಿನ ಜೊತೆ. ನಾನು ಬರೆದದ್ದೆಲ್ಲ ಹಾಗೇ ಇತ್ತು, 108 ಕೂಡ. ಕೊನೆಗೆ ಮಾತ್ರ ಒಂದು ಸಾಲು ಜಾಸ್ತಿ ಇತ್ತು: 'ಜೊತೆಗೆ ದಿನಾ ಖಾಲಿ ಹೊಟ್ಟೆಗೆ ಎರಡು ಎಸಳು ಬೆಳ್ಳುಳ್ಳಿ.'